ನಕ್ಕೋ

ಎರಡು ನಿಮಿಷದ ಮೌನದಾಗ ನನ್ನ ಮಗಳು ಭಾಗ್ಯವಂತಿ ನಕ್ಕಾಳಂತ.
ಪಡಸಾಲ್ಯಾಗ, ಇಡೀ ಸಾಲಿ ಎದುರಿಗಿ,
ತೀರಿಕೊಂಡ ಟ್ರಸ್ಟಿ ಸಾಹೇಬರ ಹಾರ ಹಾಕಿದ ಫೋಟೋ ಎದುರಿಗಿ.
"ಯಾರ ಹತ್ರ ಕಲ್ತಾಳ್ರೀ ಈ ನಗಿ?"
ವೈಜಯಂತಿ ಮೇಡಂ ಚಷ್ಮಾ ತೆಗೆದು ಕೇಳ್ಲಕತ್ತಾರ.
ಕಲಬುರಗಿ ಬಿಸಲು ಕಿಟಕಿ ಸರಳು ಕಾಸಿ ಇಟ್ಟಾದ.
ನಾ ಕುರ್ಚಿ ತುದಿಗಿ. ಮಗಳು ತನ್ನ ಬೂಟು ನೋಡ್ಲಕತ್ತಾಳ.

ಏನಂತ ಹೇಳ್ಲಿ ಮೇಡಂ,
ವಾಡಿ ಜಂಕ್ಷನ್‌ದಿಂದ ಸುರು ಮಾಡಬೇಕಾಗ್ತದ.

ಅಲ್ಲಿ ನಮ್ಮಪ್ಪ ಚಂದ್ರಾಮ, ಪಾಯಿಂಟ್ಸಮನ್.
ಗಾಡಿಗಳಿಗಿ ದಾರಿ ಬದಲಿಸಿ ಕೊಡಾಂವ,
ತಾ ಮಾತ್ರ ಮನಿಗಿ ಒಂದೇ ದಾರೀಲಿ ಬರಾಂವ.
ಹಲ್ಲು ತೋರಿಸಿದ್ದು ನಾ ನೋಡಿಲ್ಲ.
"ಸೊಲ್ಲಾಪುರ ಗಾಡಿ ಟೈಮಿಗಿ ಬರ್ತದೇನಪ್ಪಾ?" ಅಂತ ಯಾರರ ಕೇಳಿದ್ರ
ಹಸಿರು ಝಂಡಾ ಮಡಚಿ ಕಂಕುಳಾಗ ಇಟ್ಟು
"ಬರ್ತದ್ರೀ. ಯಾವ ದಿನದ ಟೈಮಿಗಿ ಅಂತ ಹೇಳಿಲ್ಲ" ಅನ್ನಾಂವ.
ಕೇಳ್ದವರು ಸ್ವಲ್ಪ ದೂರ ಹೋಗಿ, ನಿಂತು,
ತಿರುಗಿ ನೋಡ್ತಿದ್ರು.
ಆ ಸ್ವಲ್ಪ ದೂರ ಅದಲ್ಲ, ಅದು ನನಗ ಬಂದಾದ.

ಮನ್ಯಾಗ ಆಯಿ, ಹಲ್ಲಿಲ್ಲದ ಸೋನಾಬಾಯಿ.
ದೇಸಾಯರ ಮನ್ಯಾಗ ಭಾಂಡೆ ತಿಕ್ಕಿ ಬಂದು
ಸಂಜಿಗಿ ಅಂಗಳದಾಗ ಅವರ ನಡಿಗಿ ನಡದು ತೋರಿಸ್ತಿದ್ಳು,
ಮುರುಕು ಕೊಡಿನೇ ಬೆಳ್ಳಿ ಕೋಲು.
"ಅವರ ಬೆಕ್ಕಿಗೂ ಅಡ್ಡಹೆಸರು ಅದ ನೋಡು,
ನನಗ ಬರೀ ‘ಏಯ್’ ಅಂತಾರ."
ಬೊಚ್ಚು ಬಾಯಿಲಿ ನಕ್ರ ಶಬ್ದ ಬರ್ತಿರಲಿಲ್ಲ,
ಹೊಟ್ಟಿ ಅಷ್ಟೇ ಕುಣೀತಿತ್ತು.
ಅದು ನಗಿ ಅಲ್ಲ ಅಂತ ತಿಳೀಲಿಕ್ಕ ಭಾಳ ವರ್ಷ ಹಿಡೀತು.
ಹಂಗಂತ ನಗಿ ಅಲ್ಲವೇ ಅಲ್ಲ ಅಂತನೂ ಅಲ್ಲ.

ಮತ್ತ ಸಿಮೆಂಟು.
ಫ್ಯಾಕ್ಟರಿ ಧೂಳು ಬಿದ್ದು ಬಿದ್ದು
ನಮ್ಮ ಓಣ್ಯಾಗ ಹುಟ್ಟಿದ ಕೂಸಿನ ಹುಬ್ಬೂ ಬೆಳ್ಳಗ.
ಒಮ್ಮಿ ಹಳಿ ದಾಟುವಾಗ ಬಿದ್ದು, ಮೊಣಕಾಲು ಒಡಕೊಂಡು
ಅಳ್ಲಕತ್ತಾಗ
ಬಾಜೂ ಮನಿ ಮಹಮೂದಾ ಖಾಲಾ ಓಡಿ ಬಂದು
ಸೆರಗಿಲಿ ಗಲ್ಲ ಒರಸಿ
"ನಕ್ಕೋ ರೋ ಬೇಟಿ, ನಕ್ಕೋ ರೋ" ಅಂದ್ಳು.
ಅಳಬ್ಯಾಡ ಅಂತ ಅಕಿ ಹೇಳಿದ್ದು.
ನಕ್ಕೋ ಅಂತ ನಾ ಕೇಳಿದ್ದು.
ಐದು ವರ್ಷದಾಕಿ. ಮನ್ಯಾಗ ಕನ್ನಡ, ಓಣ್ಯಾಗ ದಖನಿ,
ನಡುವ ಒಂದು ಮೊಣಕಾಲು.
ರಕ್ತ ಸುರೀಲಕತ್ತಿತ್ತು, ನಾ ನಕ್ಕೆ.
ತಲಿಗೇನರ ಪೆಟ್ಟು ಬಿತ್ತೇನಂತ ಖಾಲಾ ಗಾಬರಿಲಿ ಮುಟ್ಟಿ ನೋಡಿದ್ಳು.
ಆಮ್ಯಾಲ, "ಸಿಮೆಂಟಿನ ಮ್ಯಾಲ ನೀರು ಬಿದ್ರ
ಮಾರಿ ಹಂಗೇ ಗಟ್ಟಿ ಆಗ್ತದ, ಹುಷಾರ್" ಅಂತ
ತಾನೂ ನಕ್ಳು.

ಅಪ್ಪ ಹೋದ ದಿನದ್ದು ಹೇಳಬಾರದು. ಆದ್ರ ಕೇಳೀರಿ.
ಹೆಣ ಅಂಗಳದಾಗ. ರಾಯಚೂರಿನ ಕಾಕಾ ಬರಬೇಕು.
ಗಾಡಿ ಐದು ತಾಸು ಲೇಟು.
ಐಸು ಕರಗಲಕತ್ತಿತ್ತು,
ಹೆಂಗಸರ ಅಳು ಒಂದು ಪಾಳಿ ಮುಗಿಸಿ ಚಹಾಕ್ಕ ನಿಂತಿತ್ತು.
ಆಗ ಸ್ಟೇಶನ್ನಿನ ಮೈಕು, ಮೂರು ಭಾಷಾದಾಗ, ಸಾವಕಾಶ:
"ನಿಮಗಾದ ಅನಾನುಕೂಲಕ್ಕೆ ವಿಷಾದಿಸುತ್ತೇವೆ."
ಮೂವತ್ತೊಂದು ವರ್ಷದ ನೌಕರಿಗಿ
ರೈಲ್ವೆದವರು ಅಪ್ಪಗ ಹೇಳಿದ್ದು ಅದೊಂದೇ ಮಾತು.
ನಾ ನಕ್ಕೆ. ತಡೀಲಿಕ್ಕ ಆಗಲಿಲ್ಲ.
ಅಪ್ಪನ ಮಾರಿ ಮಾತ್ರ ಯಾವಾಗಿನಂಗ,
ಹೇಳೂದು ಹೇಳಿ ಝಂಡಾ ಮಡಚಿದವನಂಗ.
ಅಳು ಆಮ್ಯಾಲ ಬಂತು.
ಖಾಲಾ, ಅಷ್ಟೊತ್ತಿಗಿ ಮುದುಕಿ, ಹತ್ರ ಬಂದು
"ನಕ್ಕೋ" ಅಂದ್ಳು.
ಮುಂದಿನ ಅಕ್ಷರ ಹೇಳಲಿಲ್ಲ.

ಇದ್ಯಾವುದೂ ನಾ ಮೇಡಂಗ ಹೇಳಲಿಲ್ಲ.
"ತಪ್ಪಾಗ್ಯಾದ್ರಿ, ಮನ್ಯಾಗ ಬುದ್ಧಿ ಹೇಳ್ತೀನಿ" ಅಂದೆ.
ಯಾಕ ನಕ್ಕಿ, ಅಂತ ಮಗಳಿಗಿ ಕೇಳಿದೆ.
ಅಕಿ ತಲಿ ಎತ್ತಲಿಲ್ಲ.
"ಎರಡು ನಿಮಿಷ ಆಯ್ತೇನಂತ ಮೇಡಂ ಗಡಿಯಾರ ನೋಡ್ಲಕತ್ತಿದ್ರು, ಅವ್ವಾ.
ಅದು ದೀಪಾವಳಿಯಿಂದ ನಿಂತಾದ."

ಬಾಗಿಲ ಆಚಿ, ಪಡಸಾಲಿ ಗ್ವಾಡಿ ಮ್ಯಾಲ, ಹತ್ತೂ ಇಪ್ಪತ್ತು.
ಮೇಡಂ ತಿರುಗಿ ನೋಡಿದ್ರು. ನೋಡೇ ನೋಡಿದ್ರು.
ಮೂರನೇತ್ತದ ಪೋರ ಒಬ್ಬ ಸಾಲಿನಾಗ ಚಕ್ಕರ್ ಬಂದು ಬಿದ್ದಿದ್ದ,
ಬಿಸಲಿಗಿ ಅಂತ ತಿಳ್ದಿದ್ರು ಎಲ್ಲರು.
ನಾ ತುಟಿ ಕಚ್ಚಿ ಹಿಡದೆ.
ಭಾಗ್ಯವಂತಿ ಬೂಟು ನೋಡ್ಲಕತ್ತಿದ್ಳು,
ಹೊಟ್ಟಿ ಅಷ್ಟೇ ಕುಣೀಲಕತ್ತಿತ್ತು.